ಡಬ್ಬಿ ತೆರೆದರೆ ಚಾಕೊಲೇಟ್ ಕೆಸರು! ಓವನ್ ಬೇಡದ ಸ್ಲೈಸ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಮೂರನೇ ಕ್ಲಾಸು. ಮೆಲ್ಬರ್ನ್‌ನಲ್ಲಿರುವ ನನ್ನ ತಂಗಿ ಚಾಕೊಲೇಟ್ ಕಾರ್ನ್‌ಫ್ಲೇಕ್ಸ್ ಸ್ಲೈಸ್ ಮಾಡುವುದನ್ನು ಫೋನಿನಲ್ಲಿ ಹೇಳಿಕೊಟ್ಟಳು. ಓವನ್ ಬೇಡ, ಕರಗಿಸಿ, ಕಲಸಿ, ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ ಆಯ್ತು ಅಂದಳು. ಫೆಬ್ರವರಿಯಿಂದ ಮೂರು ಸಲ ಮಾಡಿದೆ, ಮೂರೂ ಸಲ ಕೆಟ್ಟಿತು. ಮೊದಲ ಸಲ 200 ಗ್ರಾಂ ಡಾರ್ಕ್ ಕಾಂಪೌಂಡ್ ಅನ್ನುವ ಅಡುಗೆಯ ಚಾಕೊಲೇಟ್, 50 ಗ್ರಾಂ ಬೆಣ್ಣೆ, ಎರಡು ಚಮಚ ಜೇನುತುಪ್ಪ ಹಾಕಿದ್ದೆ. ತಂಗಿ ಹೇಳಿದ ಕೋಫಾ ಅನ್ನುವ ಗಟ್ಟಿ ಜಿಡ್ಡು ಇಲ್ಲಿ ಸಿಗಲಿಲ್ಲ, ಅದರ ಬದಲು ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿದೆ. ಬೆಳಿಗ್ಗೆ ಏಳೂವರೆಗೆ ಎರಡಂತಸ್ತಿನ ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ಚಿತ್ರಾನ್ನ, ಮೇಲೆ ಸ್ಲೈಸ್ ಇಟ್ಟು ಕಳಿಸಿದೆ. ಹತ್ತೂಮುಕ್ಕಾಲರ ಬ್ರೇಕಿಗೆ ಕೆಸರಾಗಿತ್ತಂತೆ, ಯೂನಿಫಾರ್ಮ್ ಎಲ್ಲಾ ಕಲೆ. ಎರಡನೇ ಸಲ ಕಂಡೆನ್ಸ್ಡ್ ಮಿಲ್ಕ್ ಹಾಕಿದೆ. ಕರಗಲಿಲ್ಲ, ಆದರೆ ಕಾರ್ನ್‌ಫ್ಲೇಕ್ಸ್ ಮೆತ್ತಗಾಯಿತು. ಮೂರನೇ ಸಲ ಬಿಸಿನೀರಿನ ಪಾತ್ರೆ ಮೇಲೆ ಕರಗಿಸುವಾಗ ಚಾಕೊಲೇಟ್ ಗಂಟುಗಂಟಾಗಿ ಕಟ್ಟಿಕೊಂಡಿತು. ಫ್ರಿಜ್ಜಿನಲ್ಲಿದ್ದ ಹಳೆಯ ತುಂಡುಗಳ ಮೇಲೆ ಬಿಳಿ ಪದರ ಬಂದಿತ್ತು, ಬೂಷ್ಟು ಅಂತ ಎಸೆದೆ. ಕಾಂಪೌಂಡ್ ಅಂದರೆ ಮೇಣ ಅಂತ ಮನೆಯವರು, ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತೆ ಅಂತ ಅತ್ತೆಯವರು. ಸ್ವಲ್ಪ ಪ್ಯಾರಫಿನ್ ಹಾಕು, ಕರಗಲ್ಲ ಅಂತ ಒಬ್ಬ ಗೆಳತಿ. ಸ್ಕೂಲಿನಲ್ಲಿ ಕಡ್ಲೆಕಾಯಿ ತರಬೇಡಿ ಅಂದಿದ್ದಾರೆ. ಏನು ಮಾಡಲಿ? ಮಗಳಿಗೂ ಮಾಡುವಾಗ ಕೈ ಹಾಕುವ ಆಸೆ.

ಉತ್ತರ: ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗ್ರಾಂ ಲೆಕ್ಕ, ಗಂಟೆಯ ಲೆಕ್ಕ, ಡಬ್ಬಿಯ ಅಂತಸ್ತು ಎಲ್ಲ ಇದೆ. ತಪ್ಪು ಎಲ್ಲೆಲ್ಲಿ ಆಗಿದೆ ಅಂತ ಅದರಲ್ಲೇ ಕಾಣುತ್ತಿದೆ. ನಿಮ್ಮ ಕೈಗುಣದಲ್ಲಿ ದೋಷ ಇಲ್ಲ. ಮೂರು ಸಲ ಕೆಟ್ಟಿದ್ದಕ್ಕೂ ಕಾರಣ ಎರಡೇ: ನಿಮ್ಮ ಊರಿನ ಬಿಸಿಲಿಗೆ ತಡೆಯದ ಜಿಡ್ಡು, ಮತ್ತು ಎಲ್ಲಿಂದಲೋ ಸೇರಿಕೊಂಡ ನೀರು. ಇಪ್ಪತ್ತು ವರ್ಷದಿಂದ ಬೇಕರಿ ಕೆಲಸ ಕಲಿಸುತ್ತಿದ್ದೇನೆ. ಮನೆಯಲ್ಲಿ ಚಾಕೊಲೇಟ್ ಮಾಡಿ ಕೆಟ್ಟಿತು ಅಂತ ಬರುವವರ ಹತ್ತಿರ ನಾನು ಮೊದಲು ಕೇಳುವುದು ಈ ಎರಡನ್ನೇ.

ಮೊದಲನೇ ಸಲದ ಕೆಸರಿನಿಂದ ಶುರು ಮಾಡೋಣ.

ನಿಮ್ಮ ತಂಗಿ ಹೇಳಿದ ತಿಂಡಿ ಆಸ್ಟ್ರೇಲಿಯಾದಲ್ಲಿ ಮನೆಮನೆಯ ಮಾತು. ಟ್ರೇಯಲ್ಲಿ ಒತ್ತಿ ಚೌಕವಾಗಿ ಕತ್ತರಿಸುವ ಸಿಹಿಗೆಲ್ಲ ಅವರು ಸ್ಲೈಸ್ ಅನ್ನುತ್ತಾರೆ. ಇದರ ಹಿರಿಯಕ್ಕ ಚಾಕೊಲೇಟ್ ಕ್ರ್ಯಾಕಲ್ಸ್. ರೈಸ್ ಬಬಲ್ಸ್ ಅನ್ನುವ ಅಕ್ಕಿ ಪುರಿ, ಕೋಕೋ ಪುಡಿ, ಐಸಿಂಗ್ ಸಕ್ಕರೆ, ಒಣಕೊಬ್ಬರಿ ತುರಿ, ಇವನ್ನೆಲ್ಲ ಕರಗಿಸಿದ ಕೋಫಾದಲ್ಲಿ ಕಲಸುತ್ತಾರೆ. 1937ರ ಡಿಸೆಂಬರ್‌ನಲ್ಲೇ ಅಲ್ಲಿನ ಮಹಿಳಾ ಪತ್ರಿಕೆಯೊಂದರಲ್ಲಿ ಇದು ಅಚ್ಚಾಗಿತ್ತು. ಕೋಫಾ ಕೊಬ್ಬರಿ ಎಣ್ಣೆಯದೇ, ಆದರೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ನಮ್ಮ ಬಾಟಲಿಯ ಕೊಬ್ಬರಿ ಎಣ್ಣೆ 24–25 ಡಿಗ್ರಿಗೇ ನೀರಾಗುತ್ತದೆ. ಬಚ್ಚಲುಮನೆ ಕಿಟಕಿಯಲ್ಲಿಟ್ಟ ಎಣ್ಣೆ ಬಾಟಲಿ ಡಿಸೆಂಬರ್ ಬೆಳಿಗ್ಗೆ ಹೆಪ್ಪುಗಟ್ಟಿರುತ್ತೆ, ಹತ್ತು ಗಂಟೆಗೆ ಬಿಸಿಲು ಬಿದ್ದರೆ ತಾನೇ ಸುರಿಯುತ್ತೆ ಅಲ್ವಾ? ಅದೇ ಎಣ್ಣೆ ಸ್ಲೈಸ್ ಒಳಗಿದ್ದರೆ ಫೆಬ್ರವರಿಯ ದಾವಣಗೆರೆಯಲ್ಲಿ ಏನಾಗಬೇಕೋ ಅದೇ ಆಗಿದೆ. ಜೊತೆಗೆ, ಅಲ್ಲಿನ ಮಕ್ಕಳ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಡುವ ರೂಢಿಯಿದೆ. ಆ ಮಾತು ವಿಧಾನದಲ್ಲಿ ಬರೆದಿರುವುದಿಲ್ಲ. ಅವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ.

ಇನ್ನು ಬೆಣ್ಣೆ. ಬೆಣ್ಣೆ ಹಾಕಿದರೆ ಕತ್ತರಿಸಲು ಮೃದುವಾಗುತ್ತದೆ, ರುಚಿಯೂ ಹೌದು. ಆದರೆ ಬೆಣ್ಣೆ 32–35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಅಂಗಡಿ ಬೆಣ್ಣೆಯಲ್ಲಿ 16% ತನಕ ನೀರೂ ಇರುತ್ತದೆ. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಮನೆಯಲ್ಲಿ ಮಾಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬೇರೆ ಬೇರೆ ಜಾತಿಯ ಜಿಡ್ಡುಗಳನ್ನು ಬೆರೆಸಿದರೆ ಮಿಶ್ರಣದ ಗಟ್ಟಿತನ ಎರಡರ ನಡುವೆ ಎಲ್ಲೋ ಇರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಎರಡಕ್ಕಿಂತಲೂ ಮೆತ್ತಗಾಗುತ್ತದೆ! ಒಂದೇ ಅಳತೆಯ ಇಟ್ಟಿಗೆಯಲ್ಲಿ ಕಟ್ಟಿದ ಗೋಡೆ ಭದ್ರ. ನಡುನಡುವೆ ಬೇರೆ ಅಳತೆಯವು ಸೇರಿದರೆ ಸಾಲು ಕೂರುವುದಿಲ್ಲ, ಗೋಡೆ ಅಲುಗುತ್ತದೆ. ಜಿಡ್ಡಿನ ಹರಳುಗಳೂ ಹಾಗೇ. ಇದೇ ಕಾರಣಕ್ಕೆ, ಸ್ವಲ್ಪ ಒಳ್ಳೆಯದಿರಲಿ ಅಂತ ಅರ್ಧ ಕಾಂಪೌಂಡು, ಅರ್ಧ ನಿಜವಾದ ಚಾಕೊಲೇಟು ಬೆರೆಸಬೇಡಿ. ಮಾಡಿದ ದಿನ ಚೆನ್ನಾಗಿ ಕಾಣುತ್ತದೆ. ಆಮೇಲೆ ಮೆತ್ತಗಾಗಿ ಮೇಲೆ ಬಿಳಿಚಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದರೂ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಡಬ್ಬಿಯ ಮೇಲೆ. ಕೆಳಗೆ ಚಿತ್ರಾನ್ನ, ಮೇಲೆ ಸ್ಲೈಸ್. ಏಳೂವರೆಗೆ ತುಂಬಿದ ಚಿತ್ರಾನ್ನ ಬಿಸಿಯಾಗೇ ಇರುತ್ತೆ, ಮುಚ್ಚಳ ಹಾಕಿದ ಮೇಲೆ ಆರುವುದು ನಿಧಾನ. ಸ್ಟೀಲು ಆ ಬಿಸಿಯನ್ನು ನೇರವಾಗಿ ಮೇಲಿನ ತಟ್ಟೆಗೆ ಕೊಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಹಬೆಪೆಟ್ಟಿಗೆ ಇದ್ದ ಹಾಗೆ. ನನ್ನ ತರಗತಿಯಲ್ಲಿ ಒಂದು ಸಲ ಇದನ್ನೇ ಮಾಡಿ ತೋರಿಸಿದ್ದೆ: ಕೆಳಗೆ ಬಿಸಿ ಉಪ್ಪಿಟ್ಟು, ಮೇಲೆ ಚಾಕೊಲೇಟ್ ತುಂಡು. ಪಾಠ ಮುಗಿಯುವ ಮೊದಲೇ ಮುಚ್ಚಳ ತೆಗೆದರೆ ತುಂಡಿನ ಆಕಾರ ಹಾಗೇ ಇತ್ತು, ಬೆರಳಿಟ್ಟರೆ ಪೂರ್ತಿ ಒಳಗಿಳಿಯಿತು. ಬಸ್ಸು ಒಂದು ಸಲ ಕುಲುಕಿದ್ದರೆ ಆ ಆಕಾರವೂ ಉಳಿಯುತ್ತಿರಲಿಲ್ಲ. ಹಾಗಾಗಿ ಬೇರೆ ಏನು ಬದಲಿಸದಿದ್ದರೂ ಇದೊಂದನ್ನು ನಾಳೆಯಿಂದಲೇ ಬದಲಿಸಿ. ಸ್ಲೈಸಿಗೆ ಬೇರೆಯೇ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದು ಬ್ಯಾಗಿನಲ್ಲಿ ಪುಸ್ತಕಗಳ ನಡುವೆ. ಊಟದ ಡಬ್ಬಿ ಅದರ ಹತ್ತಿರವೂ ಬೇಡ. ನೀರಿನ ಬಾಟಲಿಯ ಪಕ್ಕ ಆದರೆ ಇನ್ನೂ ಒಳ್ಳೆಯದು.

ಈಗ ನೀರಿನ ವಿಷಯ. ಎರಡನೇ ಸಲದ ಮೆತ್ತಗಿನ ಕಾರ್ನ್‌ಫ್ಲೇಕ್ಸೂ ಮೂರನೇ ಸಲದ ಗಂಟೂ ಎರಡೂ ನೀರಿನದೇ ಕೆಲಸ.

ಕಾರ್ನ್‌ಫ್ಲೇಕ್ಸ್ ಗರಿಗರಿಯಾಗಿರುವುದು ಅದರಲ್ಲಿ ನೀರಿನಂಶ ತೀರಾ ಕಡಿಮೆ ಇರುವುದರಿಂದ. ಎಲ್ಲಿ ತೇವ ಸಿಕ್ಕರೂ ಹೀರಿಕೊಳ್ಳುತ್ತದೆ. ಕಂಡೆನ್ಸ್ಡ್ ಮಿಲ್ಕಿನಲ್ಲಿ ಸುಮಾರು ಕಾಲು ಭಾಗ ನೀರು. ಜೇನುತುಪ್ಪ ಗಟ್ಟಿ ಕಂಡರೂ ಅದರಲ್ಲೂ ಐದರಲ್ಲೊಂದು ಪಾಲಿನ ಹತ್ತಿರಹತ್ತಿರ ನೀರೇ. ರಾತ್ರಿ ಇಡೀ ಟ್ರೇಯಲ್ಲಿ ಇದ್ದಾಗ ಆ ನೀರು ನಿಧಾನವಾಗಿ ಕಾರ್ನ್‌ಫ್ಲೇಕ್ಸ್‌ಗೆ ಹೋಗುತ್ತದೆ. ಬರೀ ಚಾಕೊಲೇಟಿನಲ್ಲಿ ಕಲಸಿದರೆ ಹಾಗಾಗುವುದಿಲ್ಲ. ಚಾಕೊಲೇಟಿನಲ್ಲಿ ನೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದರ ಜಿಡ್ಡು ಒಂದೊಂದು ಚೂರಿಗೂ ಕೋಟು ಹಾಕಿದ ಹಾಗೆ ಸುತ್ತಿಕೊಂಡು ಹೊರಗಿನ ತೇವವನ್ನೂ ತಡೆಯುತ್ತದೆ. ಜೇನು, ಬೆಣ್ಣೆ, ಹಾಲು ಹಾಕದ ಸ್ಲೈಸ್ ವಾರ ಕಳೆದರೂ ಕಚ್ಚಿದರೆ ಸದ್ದು ಬರುವುದು ಇದರಿಂದಲೇ.

ಚಾಕೊಲೇಟ್ ಕಟ್ಟಿಕೊಂಡಿದ್ದು ಹಬೆಯಿಂದ. ಪಾತ್ರೆಯ ಅಂಚಿನಿಂದ ನಾಲ್ಕು ಹನಿ ಬಿದ್ದಿರುತ್ತದೆ, ಇಲ್ಲವೇ ಚಮಚ ಒದ್ದೆ ಇದ್ದಿರುತ್ತದೆ. ಕರಗಿದ ಚಾಕೊಲೇಟ್ ಅಂದರೆ ಜಿಡ್ಡಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೋಕೋದ ನುಣ್ಣನೆಯ ಪುಡಿ. ಹನಿ ನೀರು ಬಿದ್ದ ಕೂಡಲೇ ಸಕ್ಕರೆಯ ಮೈ ಒದ್ದೆಯಾಗಿ ಒಂದಕ್ಕೊಂದು ಅಂಟುತ್ತದೆ. ರಾಗಿ ಹಿಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಗಂಟಾಗುವ ಹಾಗೆ. ಹಾಗಾದದ್ದನ್ನು ಮತ್ತೆ ಸ್ಲೈಸಿಗೆ ಸರಿ ಮಾಡಲು ಆಗುವುದಿಲ್ಲ. ಬಿಸಾಡಬೇಡಿ, ನಾಲ್ಕೈದು ಚಮಚ ಬಿಸಿ ಹಾಲು ಹಾಕಿ ಕದಡಿದರೆ ನುಣುಪಾಗುತ್ತದೆ. ಅದು ಚಾಕೊಲೇಟ್ ಸಾಸ್, ಬಾಳೆಹಣ್ಣಿನ ಮೇಲೆ ಹಾಕಿ ಕೊಡಿ. ಮುಂದಿನ ಸಲ ನೀರು ಕುದಿಯುತ್ತಿರುವಾಗ ಮೇಲೆ ಬಟ್ಟಲು ಇಡಬೇಡಿ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಇಡಿ. ಕಾಂಪೌಂಡ್ ಕರಗಲು 45–50 ಡಿಗ್ರಿ ಧಾರಾಳ ಸಾಕು. ಬಟ್ಟಲು ಕೆಳಗಿನ ಪಾತ್ರೆಗಿಂತ ಅಗಲ ಇರಲಿ, ಹಬೆ ಹೊರಗೆ ನುಗ್ಗದ ಹಾಗೆ. ಮೈಕ್ರೊವೇವ್ ಇದ್ದರೆ ಅದೇ ಸುಲಭ: 30 ಸೆಕೆಂಡ್ ಇಡಿ, ತೆಗೆದು ಕಲಸಿ, ಮತ್ತೆ 20 ಸೆಕೆಂಡ್. ಮುಕ್ಕಾಲು ಕರಗಿದಾಗ ನಿಲ್ಲಿಸಿ, ಉಳಿದದ್ದು ಆ ಬಿಸಿಗೇ ಕರಗುತ್ತೆ. ಒಂದೇ ಸಲ ಎರಡು ನಿಮಿಷ ಇಟ್ಟರೆ ಮಧ್ಯದಲ್ಲಿ ಸೀದು ಹೋಗುತ್ತದೆ.

ಮನೆಯಲ್ಲಿ ಕೇಳಿಬಂದ ಮಾತುಗಳಿಗೆ ಬರುತ್ತೇನೆ.

ಕಾಂಪೌಂಡ್ ಮೇಣ ಅಲ್ಲ. ಕೋಕೋ ಬೀಜವನ್ನು ಹುರಿದು, ಅರೆದು, ಒತ್ತಿದರೆ ಕೋಕೋ ಬೆಣ್ಣೆ ಬೇರೆ ಆಗುತ್ತದೆ, ಉಳಿದ ಹಿಂಡಿಯೇ ಕೋಕೋ ಪುಡಿ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ನೆರಳಲ್ಲೇ ಕೋಕೋ ಬೆಳೆಯುತ್ತಾರೆ. ಆ ಬೆಳೆಗಾರರಿಗಾಗಿಯೇ ಅವರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕೋಕೋ ಬೆಣ್ಣೆ ದುಬಾರಿ. ಅದನ್ನು ಬಿಟ್ಟು ತಾಳೆ ಬೀಜದ್ದೋ ಮತ್ತೊಂದರದ್ದೋ ಗಟ್ಟಿ ಎಣ್ಣೆಯನ್ನು ಕೋಕೋ ಪುಡಿ, ಸಕ್ಕರೆ ಜೊತೆ ಸೇರಿಸಿದರೆ ಅದು ಕಾಂಪೌಂಡ್. ನಮ್ಮ ಕಾನೂನಿನ ಪ್ರಕಾರ ಚಾಕೊಲೇಟ್ ಅಂತ ಹೆಸರಿಟ್ಟು ಮಾರಬೇಕಾದರೆ ಹೊರಗಿನ ಸಸ್ಯಜನ್ಯ ಕೊಬ್ಬು 5% ಮೀರುವಂತಿಲ್ಲ. ಅದಕ್ಕೇ ಇದರ ಪ್ಯಾಕೆಟ್ ಮೇಲೆ ಕಾಂಪೌಂಡ್ ಅಂತ ಬೇರೆ ಹೆಸರು. ನಿಮ್ಮ ಮನೆಯವರಿಗೆ ಮೇಣ ಅನ್ನಿಸಿದ್ದು ಸುಮ್ನೆ ಅಲ್ಲ. ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ನಾಲಿಗೆ ಮೇಲಿಟ್ಟರೆ ಮಾಯ. ಕಾಂಪೌಂಡಿನ ಜಿಡ್ಡು ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲೆ ಕರಗುವಂತೆ ಮಾಡಿರುತ್ತಾರೆ, ಬಾಯಿಯಲ್ಲಿ ಪೂರ್ತಿ ಕರಗದೆ ಅಂಗುಳಿಗೆ ಸವರಿದ ಹಾಗಾಗುತ್ತದೆ. ರುಚಿಯಲ್ಲಿ ಸೋಲುವ ಆ ಗುಣವೇ ಬಿಸಿಲಿನಲ್ಲಿ ಡಬ್ಬಿಗೆ ಬೇಕಾದ ಗುಣ.

ಆರೋಗ್ಯದ ಮಾತೂ ಮುಚ್ಚಿಡುವುದಿಲ್ಲ. ಮೊದಲು ಇಂಥ ಗಟ್ಟಿ ಎಣ್ಣೆಗಳಲ್ಲಿ ಟ್ರಾನ್ಸ್ ಫ್ಯಾಟ್, ಅಂದರೆ ಹೃದಯಕ್ಕೆ ಕೆಟ್ಟದಾದ ಒಂದು ಬಗೆಯ ಕೊಬ್ಬು, ದೊಡ್ಡ ಚಿಂತೆಯಾಗಿತ್ತು. 2022ರ ಜನವರಿಯಿಂದ ನಮ್ಮಲ್ಲಿ ಅದಕ್ಕೆ ಒಟ್ಟು ಕೊಬ್ಬಿನ 2% ಮಿತಿ ಇದೆ. ಸ್ಯಾಚುರೇಟೆಡ್ ಕೊಬ್ಬು ಮಾತ್ರ ಜಾಸ್ತಿಯೇ. ಹಾಗಾಗಿ ಹೆಸರಿಲ್ಲದ ಬಿಡಿ ಸ್ಲ್ಯಾಬ್ ಕೊಳ್ಳಬೇಡಿ. ಪ್ಯಾಕೆಟ್, ತಾರೀಖು, ಪದಾರ್ಥಗಳ ಪಟ್ಟಿ ಇರುವುದನ್ನೇ ತನ್ನಿ.

ಪ್ಯಾರಫಿನ್ ಬೇಡವೇ ಬೇಡ. ಅಮೆರಿಕದ ಹಳೆಯ ಮನೆ ಅಡುಗೆಯಲ್ಲಿ ತಿನ್ನುವ ದರ್ಜೆಯ ಪ್ಯಾರಫಿನ್ ಸ್ವಲ್ಪ ಹಾಕುತ್ತಿದ್ದರು, ಆ ಮಾತು ಹಾಗೇ ಹರಿದು ಬಂದಿದೆ. ನಮ್ಮ ಅಂಗಡಿಯಲ್ಲಿ ಸಿಗುವುದು ಮೇಣದಬತ್ತಿಯ ಮೇಣ. ಅದು ಮಕ್ಕಳ ಹೊಟ್ಟೆಗೆ ಹೋಗುವ ಪದಾರ್ಥವಲ್ಲ. ಹಾಕುವ ಅಗತ್ಯವೂ ಇಲ್ಲ.

ಅತ್ತೆಯವರ ಮಾತಿನ ಬಗ್ಗೆ ಹುಷಾರಾಗಿ ಹೇಳುತ್ತೇನೆ, ಯಾಕೆಂದರೆ ಅವರ ಕಾಳಜಿ ಸರಿಯಾದದ್ದೇ. ಜಂತುಹುಳ ಸಿಹಿಯಿಂದ ಹುಟ್ಟುವುದಿಲ್ಲ. ಅದರ ಮೊಟ್ಟೆ ಮಣ್ಣು, ತೊಳೆಯದ ಕೈ, ತೊಳೆಯದ ತರಕಾರಿ ಮೂಲಕ ಹೊಟ್ಟೆಗೆ ಹೋಗುತ್ತದೆ. ಬ್ರೇಕಿನಲ್ಲಿ ಡಬ್ಬಿ ತೆರೆಯುವ ಮೊದಲು ಕೈ ತೊಳೆಯುವುದು ಅದಕ್ಕೆ ಮದ್ದು. ಆದರೆ ದಿನಾ ಸಿಹಿ ಕೊಡಬೇಡಿ ಅನ್ನುವ ಅವರ ಮಾತಿಗೆ ನಾನೂ ಸೇರುತ್ತೇನೆ. ಚಾಕೊಲೇಟ್ ಮೆತ್ತಿದ ಕಾರ್ನ್‌ಫ್ಲೇಕ್ಸ್ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಸಂಜೆ ಮನೆಗೆ ಬರುವ ತನಕ ಅಲ್ಲೇ ಇರುತ್ತದೆ. ಹುಳುಕು ಹಲ್ಲು ಬರುವುದು ಹೀಗೆಯೇ. ಸ್ಲೈಸನ್ನು ಊಟದ ಕೊನೆಯಲ್ಲಿ ತಿಂದು ನೀರು ಮುಕ್ಕಳಿಸಲು ಮಗಳಿಗೆ ಹೇಳಿಕೊಡಿ.

ಪ್ರಮಾಣದ ಲೆಕ್ಕವೂ ಮಾಡಿಬಿಡೋಣ. ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನದ ಶಕ್ತಿಯಲ್ಲಿ 10% ದಾಟಬಾರದು, 5%ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 1400 ಕ್ಯಾಲರಿ ಬೇಕಾಗುವ ಮಗುವಿಗೆ ಅದು 35 ಗ್ರಾಂ ಮೇಲ್ಮಿತಿ, 17 ಗ್ರಾಂ ಒಳ್ಳೆಯ ಗುರಿ. ನಾನು ಕೆಳಗೆ ಹೇಳುವ ಅಳತೆಯಲ್ಲಿ 20 ತುಂಡು ಮಾಡಿದರೆ ಒಂದರಲ್ಲಿ ಸುಮಾರು 5 ಗ್ರಾಂ ಸಕ್ಕರೆ. ವಾರಕ್ಕೆ ಎರಡು ಸಲ, ಒಂದೊಂದು ತುಂಡು, ಅದೂ ಊಟದ ಜೊತೆಗೆ. ಮಕ್ಕಳು ನಮ್ಮ ಮನೆಗೆ ಬಂದರೆ ನಾನು ಕೊಡುವುದೂ ಇಷ್ಟೇ.

ಬಿಳಿ ಪದರದ ವಿಷಯ ಕೇಳಿ ಬೇಜಾರಾಯಿತು, ಒಳ್ಳೆಯ ತಿಂಡಿಯನ್ನೇ ಎಸೆದಿರಬಹುದು. ಬಿಸಿ ಏರಿಳಿದಾಗ ಒಳಗಿನ ಜಿಡ್ಡು ಮೇಲೆ ಬಂದು ಹೆಪ್ಪುಗಟ್ಟಿದರೆ ಬೂದು ಬಿಳಿಯ ಪದರವಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಕರಗಿ ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದಾಗ ಮೇಲೆ ಕೂತ ಇಬ್ಬನಿಯಲ್ಲಿ ಸಕ್ಕರೆ ಕರಗಿ, ಮತ್ತೆ ಒಣಗಿ ಹರಳಾದರೂ ಬಿಳಿ ಕಾಣುತ್ತದೆ. ಮುಟ್ಟಿದರೆ ಒರಟು. ಎರಡೂ ನೋಡಲು ಚೆಂದ ಇಲ್ಲ ಅಷ್ಟೇ, ತಿನ್ನಲು ತೊಂದರೆಯಿಲ್ಲ. ಬೂಷ್ಟು ಹಾಗಲ್ಲ. ಅದು ಹತ್ತಿಯ ಎಳೆ ಥರ ಮೇಲೆದ್ದಿರುತ್ತದೆ, ಅಲ್ಲಲ್ಲಿ ಹಸಿರು ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಕಂಡೆನ್ಸ್ಡ್ ಮಿಲ್ಕ್, ಹಸಿ ತೆಂಗಿನ ತುರಿ, ಹಣ್ಣು ಸೇರಿದ್ದರೆ ಬೂಷ್ಟು ನಿಜಕ್ಕೂ ಬರಬಹುದು. ಅಂಥದ್ದರಲ್ಲಿ ಅನುಮಾನ ಬಂದರೆ ನೀವು ಮಾಡಿದ ಹಾಗೆ ಎಸೆಯುವುದೇ ಸರಿ.

ಇಬ್ಬನಿ ತಪ್ಪಿಸಲು ಒಂದು ಉಪಾಯ. ರಾತ್ರಿಯೇ ಒಂದು ತುಂಡನ್ನು ಪುಟ್ಟ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಡಬ್ಬಿ ಸಮೇತ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮುಚ್ಚಳ ತೆರೆಯದೆ ಬ್ಯಾಗಿಗೆ ಹಾಕಿ. ಹನಿ ಕೂರುವುದು ಡಬ್ಬಿಯ ಹೊರಗೆ, ಸ್ಲೈಸಿನ ಮೇಲಲ್ಲ. ಬ್ರೇಕಿನ ಹೊತ್ತಿಗೆ ಒಣಗಿಯೇ ಇರುತ್ತದೆ.

ಹಾಗಾದರೆ ಏನು ಮಾಡುವುದು? ನಿಮ್ಮ ಮುಂದೆ ಮೂರು ದಾರಿ ಇವೆ. ನಿಜವಾದ ಡಾರ್ಕ್ ಚಾಕೊಲೇಟಿನದು ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಸುಮ್ಮನೆ ಕರಗಿಸಿ ಹೆಪ್ಪು ಹಾಕಿದರೆ ಅದು ಹೊಳಪಿಲ್ಲದೆ, ಇನ್ನೂ ಕಡಿಮೆ ಬಿಸಿಗೇ ಮೆತ್ತಗಾಗುವ ಹಾಗೆ ಕೂರುತ್ತದೆ. ಅದನ್ನು ಹದವಾಗಿ ತಣಿಸುವ ಟೆಂಪರಿಂಗ್ ಕೆಲಸ ಕಲಿಯಲು ಸಮಯ ಬೇಕು. ಅದನ್ನು ಡಿಸೆಂಬರ್ ಜನವರಿಗೆ, ಇಲ್ಲವೇ ಸಂಜೆ ಮನೆಯಲ್ಲಿ ತಿನ್ನಲು ಇಟ್ಟುಕೊಳ್ಳಿ.

ಡಬ್ಬಿಗೆ ನಾನು ಹೇಳುವುದು ಕಾಂಪೌಂಡಿನ ಸ್ಲೈಸ್. 200 ಗ್ರಾಂ ಡಾರ್ಕ್ ಕಾಂಪೌಂಡ್, 80 ಗ್ರಾಂ ಕಾರ್ನ್‌ಫ್ಲೇಕ್ಸ್ ಅಂದರೆ ಸುಮಾರು ಮೂರು ಕಪ್, 40 ಗ್ರಾಂ ಹುರಿಗಡಲೆ ಅಥವಾ ಹುರಿದ ಕುಂಬಳ ಬೀಜ, ಒಂದು ಚಿಟಿಕೆ ಉಪ್ಪು. ಬೆಣ್ಣೆ ಇಲ್ಲ, ಜೇನು ಇಲ್ಲ, ಎಣ್ಣೆ ಇಲ್ಲ. ಮೊದಲು ಕಾರ್ನ್‌ಫ್ಲೇಕ್ಸನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಪ್ಯಾಕೆಟ್ ಈಗಷ್ಟೇ ಒಡೆದಿದ್ದರೂ ಮಾಡಿ, ಮಳೆಗಾಲದಲ್ಲಂತೂ ಬಿಡಲೇಬೇಡಿ. ಒಂದು ಚೂರು ತೆಗೆದು ಕಿವಿ ಹತ್ತಿರ ಹಿಡಿದು ಮುರಿಯಿರಿ. ಚಟ್ ಅಂತ ಸದ್ದು ಬಂದರೆ ಸಾಕು, ಬಾಗಿ ಮುರಿದರೆ ಇನ್ನೂ ಒಂದು ನಿಮಿಷ. ಆಮೇಲೆ ಅದು ಪೂರ್ತಿ ಆರಬೇಕು. ಬಿಸಿಯಾಗಿರುವಾಗಲೇ ಕಲಸಿದರೆ ಚಾಕೊಲೇಟ್ ನೀರಾಗಿ ತಳಕ್ಕಿಳಿದು ಮೇಲೆ ಬರೀ ಒಣ ಚೂರು ಉಳಿಯುತ್ತದೆ. ಕಾಂಪೌಂಡ್ ಕರಗಿಸಿ ಎರಡು ನಿಮಿಷ ಬಿಟ್ಟು, ಎಲ್ಲ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಮಗುಚುತ್ತಾ ಕಲಸಿ. ಒಂದೊಂದು ಚೂರಿಗೂ ಕಪ್ಪು ಹತ್ತಬೇಕು. ಬೆಣ್ಣೆ ಕಾಗದ ಹಾಸಿದ 7–8 ಇಂಚಿನ ಟ್ರೇಗೆ ಹಾಕಿ, ಬಟ್ಟಲಿನ ತಳದಿಂದ ಒತ್ತಿ. ಪುಡಿಯಾಗುವಷ್ಟು ಅಲ್ಲ, ಸಂದು ಮುಚ್ಚುವಷ್ಟು. ಫ್ರಿಜ್ಜಿನಲ್ಲಿ 20 ನಿಮಿಷ ಇಟ್ಟು, ಅರ್ಧ ಗಟ್ಟಿಯಾದಾಗಲೇ ಚಾಕುವಿನಿಂದ 20 ತುಂಡಿಗೆ ಗೆರೆ ಎಳೆಯಿರಿ. ಕಲ್ಲಾದ ಮೇಲೆ ಕತ್ತರಿಸಲು ಹೋದರೆ ಚೂರುಚೂರಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ಹತ್ತು ದಿನ ಆರಾಮಾಗಿ ಇರುತ್ತದೆ.

ದಾವಣಗೆರೆಯಲ್ಲಿ ಕೂತು ಕಾರ್ನ್‌ಫ್ಲೇಕ್ಸೇ ಬೇಕು ಅಂತ ಏನಿಲ್ಲ. ನಿಮ್ಮ ಊರಿನ ಭಟ್ಟಿಯ ಮಂಡಕ್ಕಿ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಆಸ್ಟ್ರೇಲಿಯಾದವರು ಹಾಕುವುದೂ ಅಕ್ಕಿ ಪುರಿಯನ್ನೇ ಅಲ್ವಾ! 50 ಗ್ರಾಂ ಮಂಡಕ್ಕಿ ಸಾಕು, ಅದು ಹಗುರ. ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಪುಡಿಯಾಗಬೇಕು. ಜರಡಿ ಹಿಡಿದು ತಳದ ನುಚ್ಚು, ಮರಳು ತೆಗೆಯುವುದನ್ನು ಮರೆಯಬೇಡಿ. ಮಂಡಕ್ಕಿಯಲ್ಲಿ ಉಪ್ಪು ಇರುತ್ತದೆ, ಆ ಚಿಟಿಕೆ ಉಪ್ಪು ಬಿಡಿ.

ಈ ದಾರಿಗೂ ಮಿತಿ ಇದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ನಿಮ್ಮಲ್ಲಿ ಬಿಸಿಲು ಏರಿದಾಗ ಕಾಂಪೌಂಡೂ ಮೆತ್ತಗಾಗುತ್ತದೆ. ಕೆಸರಾಗದಿದ್ದರೂ ಕೈಗೆ ಅಂಟುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಓದುಗರು ಫೆಬ್ರವರಿ ಕೊನೆಯಿಂದಲೇ ಹುಷಾರಾಗಿರಬೇಕು. ಆ ದಿನಗಳಿಗೆ ಮೂರನೇ ದಾರಿ ಇದೆ, ಅದು ನಮ್ಮ ಅಜ್ಜಿಯರದು.

ಬೆಲ್ಲದ ಪಾಕ ಬಿಸಿಲಿಗೆ ಚಾಕೊಲೇಟಿನ ಹಾಗೆ ಕರಗಿ ಹರಿಯುವುದಿಲ್ಲ. ಮಂಡಕ್ಕಿ ಉಂಡೆ ಮೇ ತಿಂಗಳ ಜಾತ್ರೆಯಲ್ಲೂ ಉಂಡೆಯಾಗೇ ಇರುತ್ತೆ. ಅದಕ್ಕೇ ಕೋಕೋ ಸೇರಿಸಿ. 125 ಗ್ರಾಂ ಬೆಲ್ಲ ಮೂರು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ನೊರೆ ದಪ್ಪಗಾಗಿ ಬಂದ ಮೇಲೆ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡಿ. ಬೆರಳಲ್ಲಿ ಉರುಟಿದರೆ ಗಟ್ಟಿ ಗೋಲಿಯಾಗಬೇಕು, ಒತ್ತಿದರೆ ಸ್ವಲ್ಪ ಬಾಗಬೇಕು. ಥರ್ಮಾಮೀಟರ್ ಇದ್ದರೆ 125 ಡಿಗ್ರಿ ಆಸುಪಾಸು. ಬಟ್ಟಲಿಗೆ ಬಡಿದರೆ ಟಣ್ ಅನ್ನುವ ಚಿಕ್ಕಿ ಪಾಕಕ್ಕೆ ಹೋಗಬೇಡಿ, ಮಕ್ಕಳ ಹಲ್ಲಿಗೆ ಅದು ತೀರಾ ಗಟ್ಟಿ. ಒಲೆ ಆರಿಸಿ, ಒಂದು ಚಮಚ ತುಪ್ಪ, ಎರಡು ದೊಡ್ಡ ಚಮಚ ಜರಡಿ ಹಿಡಿದ ಕೋಕೋ ಪುಡಿ ಹಾಕಿ ಬೇಗ ತಿರುವಿ, 60 ಗ್ರಾಂ ಬೆಚ್ಚಗಿನ ಮಂಡಕ್ಕಿ ಸುರಿದು ಕಲಸಿ, ತುಪ್ಪ ಸವರಿದ ತಟ್ಟೆಗೆ ಒತ್ತಿ. ಇಲ್ಲಿ ಮಂಡಕ್ಕಿ ಬೆಚ್ಚಗಿರಬೇಕು, ತಣ್ಣಗಿದ್ದರೆ ಪಾಕ ಅಲ್ಲೇ ಹೆಪ್ಪುಗಟ್ಟುತ್ತದೆ. ಕೋಕೋದ ಕಹಿ, ಬೆಲ್ಲದ ಘಮ ಎರಡೂ ಸೇರಿ ತುಂಬಾ ಚೆನ್ನಾಗಿರುತ್ತೆ, ನನಗಂತೂ ಮೊದಲಿನದಕ್ಕಿಂತ ಇದೇ ಇಷ್ಟ. ತೊಂದರೆ ಏನೆಂದರೆ, ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಂದು ವಾರ ಇರುವುದು ಜುಲೈನಲ್ಲಿ ಮೂರು ದಿನಕ್ಕೇ ಜಿಗುಟಾಗುತ್ತದೆ. ಬೆಲ್ಲ ಅಂದ ಮಾತ್ರಕ್ಕೆ ಸಿಹಿ ಕಡಿಮೆ ಆಯ್ತು ಅಂತಲೂ ಅಲ್ಲ, ಲೆಕ್ಕದಲ್ಲಿ ಅದೂ ಸಕ್ಕರೆಯೇ.

ಕಡ್ಲೆಕಾಯಿ ವಿಷಯದಲ್ಲಿ ಸ್ಕೂಲಿನವರ ಮಾತನ್ನು ಗಟ್ಟಿಯಾಗಿ ಪಾಲಿಸಿ. ಯಾವುದೋ ಮಗುವಿಗೆ ಅಲರ್ಜಿ ಇದ್ದೇ ಹೇಳಿರುತ್ತಾರೆ. ಅಂಥ ಮಗುವಿಗೆ ಒಂದು ಚೂರೂ ಅಪಾಯ. ನೀವು ಕಡ್ಲೆಕಾಯಿ ಹಾಕದಿದ್ದರೆ ಸಾಲದು, ಕಾಂಪೌಂಡ್ ಪ್ಯಾಕೆಟ್ ಹಿಂದೆ ನೋಡಿ. ಬಾದಾಮಿ, ಗೋಡಂಬಿ, ಕಡ್ಲೆಕಾಯಿ ಅಂಶ ಇರಬಹುದು ಅಂತ ಎಷ್ಟೋ ಪ್ಯಾಕೆಟ್‌ಗಳಲ್ಲಿ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಅದನ್ನು ಸ್ಕೂಲಿಗೆ ಕಳಿಸಬೇಡಿ. ಬೆಲ್ಲ ಮಂಡಕ್ಕಿಯದನ್ನೇ ಕಳಿಸಿ, ಕೋಕೋ ಪುಡಿ ಡಬ್ಬದ ಹಿಂದೆಯೂ ಒಮ್ಮೆ ಓದಿ. ಮಂಡಕ್ಕಿ ಬಿಡಿಯಾಗಿ ತರುವುದಾದರೆ ಕಡ್ಲೆಕಾಯಿ ಅಳೆಯುವ ಪಾವಿನಲ್ಲೇ ಅಳೆದಿಲ್ಲ ತಾನೇ ಅಂತ ಅಂಗಡಿಯಲ್ಲಿ ಕೇಳಿ. ಎಳ್ಳಿಗೂ ಕೆಲವು ಮಕ್ಕಳಿಗೆ ಅಲರ್ಜಿ ಇರುತ್ತದೆ, ಡಬ್ಬಿ ಹಂಚಿ ತಿನ್ನುವ ಕ್ಲಾಸಾದರೆ ಅದೂ ಬೇಡ. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ಹಲವದರಲ್ಲಿ ಬಾರ್ಲಿ ಮಾಲ್ಟ್ ಇರುತ್ತದೆ, ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಅಂಶ ತಿನ್ನಬಾರದ ಮಕ್ಕಳಿಗೆ ಆಗುವುದಿಲ್ಲ. ಮನೆಯಲ್ಲಿ ಐದು ವರ್ಷಕ್ಕಿಂತ ಚಿಕ್ಕವರಿದ್ದರೆ ಇಡೀ ಬೀಜ, ಹುರಿಗಡಲೆ ಬದಲು ಪುಡಿ ಮಾಡಿ ಹಾಕಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇರುತ್ತದೆ.

ಮಗಳಿಗೆ ಕೈ ಹಾಕುವ ಆಸೆ ಅಂದಿರಲ್ಲ, ಖಂಡಿತಾ ಹಾಕಲಿ. ಕಾಂಪೌಂಡಿನ ಸ್ಲೈಸ್ ಮಾಡುವ ದಿನ ಕರೆಯಿರಿ. ಚಾಕೊಲೇಟ್ ಮುರಿಯುವುದು, ಕಾರ್ನ್‌ಫ್ಲೇಕ್ಸ್ ಸದ್ದು ಕೇಳುವುದು, ಕಲಸುವುದು, ಬಟ್ಟಲಿನಿಂದ ಒತ್ತುವುದು ಎಲ್ಲ ಅವಳೇ ಮಾಡಬಹುದು. ಕೈ ಮಾತ್ರ ತೊಳೆದು ಚೆನ್ನಾಗಿ ಒರೆಸಿಕೊಂಡಿರಲಿ, ಒದ್ದೆ ಕೈಯಿಂದ ಚಾಕೊಲೇಟ್ ಮತ್ತೆ ಕಟ್ಟಿಕೊಳ್ಳುತ್ತದೆ. ಪಾಕದ ದಿನ ಒಲೆಯ ಹತ್ತಿರ ಬಿಡಬೇಡಿ. ಬೆಲ್ಲದ ಪಾಕ ಕುದಿಯುವ ನೀರಿಗಿಂತ ಬಿಸಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಅವತ್ತು ಅವಳ ಕೆಲಸ ತಣ್ಣೀರಿನ ಬಟ್ಟಲಿನದು: ನೀವು ಬಿಟ್ಟ ಹನಿ ತಣ್ಣಗಾದ ಮೇಲೆ ಎತ್ತಿ, ಗೋಲಿ ಆಯ್ತಾ ಇಲ್ವಾ ಅಂತ ಅವಳೇ ನೋಡಿ ಹೇಳಲಿ.